ಆಕ್ರಿಂಗ್‌ಟನ್ ಸ್ಟಾನ್ಲಿ: ಒಂದು ಊರಿನ ಹೆಸರಿನ ಕಥೆ

(ಬಾನುಲಿ ಭಾಷಣ)

ಗೆದ್ದವರ ಕಥೆಯನ್ನು ಹೇಳುವುದಕ್ಕೆ ಜಗತ್ತಿನಲ್ಲಿ ಎಂದೂ ಜನರ ಕೊರತೆಯಾಗಿಲ್ಲ. ಈ ಹೊತ್ತು ನಾನು ಹೇಳಹೊರಟಿರುವುದು ಗೆದ್ದದ್ದಕ್ಕಿಂತ ಸಾಲ ಮಾಡಿದ್ದೇ ಹೆಚ್ಚಾಗಿ, ಒಮ್ಮೆ ಸತ್ತು, ಮತ್ತೆ ಹುಟ್ಟಿ ಬಂದ ಒಂದು ಚಿಕ್ಕ ಫುಟ್‌ಬಾಲ್ ಸಂಘದ ಕಥೆ. ಅದರ ಹೆಸರು ಆಕ್ರಿಂಗ್‌ಟನ್ ಸ್ಟಾನ್ಲಿ. ಊರು ಇಂಗ್ಲೆಂಡಿನ ವಾಯವ್ಯ ಭಾಗದ ಲ್ಯಾಂಕಾಷೈರ್ ಸೀಮೆಯಲ್ಲಿರುವ ಆಕ್ರಿಂಗ್‌ಟನ್. ಜನಸಂಖ್ಯೆ ಸುಮಾರು 35,000. ಪಂಪ, ಕುಮಾರವ್ಯಾಸರನ್ನು ಪಾಠ ಹೇಳಿ ನಿವೃತ್ತನಾದ ಕನ್ನಡದ ಮೇಷ್ಟರಿಗೆ ಈ ಕಾಲ್ಚೆಂಡಿನ ಗೊಡವೆ ಏಕೆಂದು ಕೇಳುಗರಲ್ಲಿ ಕೆಲವರಾದರೂ ಹುಬ್ಬೇರಿಸಿಯಾರು. ಆ ಊರಿಗೂ ನಮ್ಮ ಎರೆಮಣ್ಣಿನ ಸೀಮೆಗೂ ಹಳೆಯದೊಂದು ನೂಲಿನ ನಂಟಿದೆ. ಮೊದಲು ಅದನ್ನು ಹೇಳಿ ಮುಂದೆ ಹೋಗುತ್ತೇನೆ.

ಲ್ಯಾಂಕಾಷೈರಿನಲ್ಲಿ ಹತ್ತಿ ಬೆಳೆಯುವುದಿಲ್ಲ. ಆದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಜಗತ್ತಿನ ಮೂಲೆ ಮೂಲೆಗೆ ಬಟ್ಟೆ ಕಳುಹಿಸಿದ ಸೀಮೆ ಅದು. ನೂಲುವ ಯಂತ್ರವಾದ 'ಜೆನ್ನಿ'ಯನ್ನು ರೂಪಿಸಿದ ಜೇಮ್ಸ್ ಹಾರ್‌ಗ್ರೀವ್ಸ್ ಆಕ್ರಿಂಗ್‌ಟನ್ನಿನ ಮಗ್ಗುಲ ಹಳ್ಳಿಯವನು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಅಲ್ಲಿಯ ಹತ್ತಿ ನಿಂತುಹೋದಾಗ ಈ ಊರುಗಳ ಗಿರಣಿಗಳು ಮುಚ್ಚಿ, ಜನ ಗಂಜಿಗೆ ಸಾಲುನಿಂತರು. ಆಗ ಮ್ಯಾಂಚೆಸ್ಟರಿನ ವರ್ತಕರು ಆಸೆಯಿಂದ ನೋಡಿದ ಸೀಮೆಗಳಲ್ಲಿ ಧಾರವಾಡ, ಹುಬ್ಬಳ್ಳಿ, ಗದಗಗಳ ಹತ್ತಿಯ ಹೊಲಗಳೂ ಇದ್ದವು. 1840ರ ದಶಕದಿಂದಲೇ ಇಲ್ಲಿ ಅಮೆರಿಕದ ತಳಿಯನ್ನು ಬಿತ್ತಿಸಿ, ಅದಕ್ಕೆ 'ಧಾರವಾಡ-ಅಮೆರಿಕನ್' ಎಂಬ ಜೋಡು ಹೆಸರನ್ನು ಇಟ್ಟಿದ್ದರು. ಆ ಹತ್ತಿಯನ್ನು ಘಟ್ಟ ಇಳಿಸಿ ಹಡಗು ಹತ್ತಿಸಲು ಕಾರವಾರದ ಬಂದರು ಬೇಕೆಂದು ಹಟ ಹಿಡಿದವರೂ ಅವರೇ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಜೋಡಿಸಿದ್ದರ ಹಿಂದೆ ಇದ್ದದ್ದು ಈ ಹಟವೇ. ಮ್ಯಾಂಚೆಸ್ಟರಿನ ಮಗ್ಗ ನಿಂತರೆ ಹೊನ್ನಾವರದವನ ಕಚೇರಿ ಬದಲಾಗುತ್ತಿದ್ದ ಕಾಲವದು! ಭಾರತದಿಂದ ಹೋದ ಹತ್ತಿ ಯಾವ ಊರಿನದೇ ಆಗಿರಲಿ, ಅಲ್ಲಿಯ ನೇಕಾರರ ಬಾಯಲ್ಲಿ ಅದು 'ಸೂರತ್' ಆಗುತ್ತಿತ್ತು. ಎಳೆ ಗಿಡ್ಡ, ಘಳಿಗೆಗೊಮ್ಮೆ ಹರಿಯುತ್ತದೆ ಎಂದು ಅವರು ಅದನ್ನು ಶಪಿಸುತ್ತಲೇ ನೇಯ್ದರು. ನಮ್ಮ ರೈತನಿಗೆ ಅವರ ಹೆಸರು ತಿಳಿಯದು, ಅವರಿಗೆ ನಮ್ಮ ಊರಿನ ಹೆಸರು ತಿಳಿಯದು.

ಹೆಸರಿನ ಮಾತು ಬಂತು. ಈ ಕಥೆಯೆಲ್ಲ ಹೆಸರಿನದೇ.

ಗಿರಣಿಯ ಕೂಲಿಗಾರರಿಗೆ ಕಾಲ್ಚೆಂಡಾಟ ಒದಗಿ ಬಂದದ್ದು ಕಾನೂನಿನ ಕೃಪೆಯಿಂದ. 1850ರ ಕಾರ್ಖಾನೆ ಕಾಯಿದೆ ಹೆಂಗಸರ ಮತ್ತು ಎಳೆಯರ ಶನಿವಾರದ ದುಡಿಮೆಯನ್ನು ಮಧ್ಯಾಹ್ನ ಎರಡು ಗಂಟೆಗೆ ಮುಗಿಸಿತು. ಅವರಿಲ್ಲದೆ ಯಂತ್ರ ನಡೆಯದಾದ್ದರಿಂದ ಗಂಡಸರಿಗೂ ಬಿಡುವು ಸಿಕ್ಕಿತು. ಶನಿವಾರದ ಅಪರಾಹ್ನವೆಂಬುದು ಹೀಗೆ ಹುಟ್ಟಿತು. ಅದರೊಳಗೆ ಫುಟ್‌ಬಾಲ್ ಬಂದು ಕೂತಿತು. 1888ರಲ್ಲಿ ಹನ್ನೆರಡು ಸಂಘಗಳು ಕೂಡಿ ಫುಟ್‌ಬಾಲ್ ಲೀಗನ್ನು ಸ್ಥಾಪಿಸಿದವು. ಆ ಹನ್ನೆರಡರಲ್ಲಿ ಆರು ಲ್ಯಾಂಕಾಷೈರಿನವು: ಪ್ರೆಸ್ಟನ್, ಬೋಲ್ಟನ್, ಎವರ್ಟನ್, ಬ್ಲ್ಯಾಕ್‌ಬರ್ನ್, ಬರ್ನ್ಲಿ, ಮತ್ತು ಆಕ್ರಿಂಗ್‌ಟನ್. ಲಂಡನ್ನಿನದು ಒಂದೂ ಇರಲಿಲ್ಲ. ಜಗತ್ತಿನ ಎಲ್ಲ ಲೀಗುಗಳಿಗೂ ಮಾದರಿಯಾದ ಆ ಮೊದಲ ಪಟ್ಟಿಯಲ್ಲಿ ಈ ಪುಟ್ಟ ಊರಿನ ಹೆಸರಿದೆ ಎಂಬುದನ್ನು ಮರೆಯದಿರೋಣ; ಆ ಊರಿನವರಂತೂ ಮರೆತಿಲ್ಲ.

ಆದರೆ ಆ ಹಳೆಯ ಆಕ್ರಿಂಗ್‌ಟನ್ ಸಂಘ ಬಾಳಲಿಲ್ಲ. 1893ರಲ್ಲಿ ಕೆಳಗಿನ ವಿಭಾಗಕ್ಕೆ ಇಳಿಯಬೇಕಾದಾಗ, ಇಳಿಯುವುದಕ್ಕಿಂತ ಬಿಡುವುದೇ ಲೇಸೆಂದು ಲೀಗಿನಿಂದಲೇ ಹೊರಬಂದು, 1896ರ ಹೊತ್ತಿಗೆ ಮುಚ್ಚಿಹೋಯಿತು. ಈ ನಡುವೆ, 1891ರಲ್ಲಿ, ಅದೇ ಊರಿನ ಸ್ಟಾನ್ಲಿ ಬೀದಿಯ ಹುಡುಗರು ಒಂದು ತಂಡ ಕಟ್ಟಿಕೊಂಡಿದ್ದರು. ಹಿರಿಯ ಸಂಘ ಕಣ್ಮರೆಯಾಗುತ್ತಿದ್ದಂತೆ ಈ ಬೀದಿಯ ತಂಡ ಊರಿನ ಹೆಸರನ್ನು ತನ್ನ ಹೆಸರಿನ ಮುಂದೆ ಇಟ್ಟುಕೊಂಡಿತು. ಆಕ್ರಿಂಗ್‌ಟನ್ ಎಂಬುದು ಊರು, ಸ್ಟಾನ್ಲಿ ಎಂಬುದು ಬೀದಿ. ಲಾರ್ಡನ ಬಿರುದಿನಂತೆ ಕೇಳಿಸುವ ಈ ಜೋಡು ಹೆಸರಿನ ವ್ಯುತ್ಪತ್ತಿ ಇಷ್ಟೇ. 1921ರಲ್ಲಿ ಲೀಗು ಉತ್ತರದ ಊರುಗಳಿಗಾಗಿ ಮೂರನೆಯ ವಿಭಾಗವೊಂದನ್ನು ತೆರೆದಾಗ ಆಕ್ರಿಂಗ್‌ಟನ್ ಸ್ಟಾನ್ಲಿಗೆ ಅಲ್ಲಿ ಜಾಗ ದೊರೆಯಿತು.

ಇದರ ನಡುವೆ ಮಹಾಯುದ್ಧ ಬಂದು ಹೋಗಿತ್ತು. 1914ರಲ್ಲಿ ಊರಿನ ಗೆಳೆಯರೆಲ್ಲ ಒಟ್ಟಿಗೆ ಸೈನ್ಯಕ್ಕೆ ಸೇರಬಹುದೆಂದು ಸರ್ಕಾರ ಕರೆದಾಗ, ಆಕ್ರಿಂಗ್‌ಟನ್ ಮತ್ತು ಸುತ್ತಣ ಊರುಗಳ ತರುಣರ ಒಂದು ಪಡೆಯೇ ಎದ್ದು ನಿಂತಿತು. 1916ರ ಜುಲೈ 1ರ ಮುಂಜಾನೆ ಫ್ರಾನ್ಸಿನ ಸೆರ್ ಎಂಬ ಹಳ್ಳಿಯ ಮುಂದೆ ಕಂದಕದಿಂದೆದ್ದ ಸುಮಾರು 720 ಮಂದಿಯಲ್ಲಿ 584 ಮಂದಿ ಅರ್ಧ ಗಂಟೆಯೊಳಗೆ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಮೈದಾನದಲ್ಲಿ ಚೆಂಡಿನ ಹಿಂದೆ ಓಡಬೇಕಾಗಿದ್ದ ವಯಸ್ಸಿನವರು ಅವರು. ಅಂಥ ಊರಿಗೆ ತನ್ನ ಹೆಸರನ್ನು ಹೊತ್ತು ಪ್ರತಿ ಶನಿವಾರ ಹೊರಡುವ ಹನ್ನೊಂದು ಜನ ಎಂದರೇನು ಎಂಬುದನ್ನು ನಾವು ಊಹಿಸಿಕೊಳ್ಳಬೇಕು.

ಇನ್ನು ಎದುರಾಳಿಗಳ ವಿಚಾರ. ಆಕ್ರಿಂಗ್‌ಟನ್ನಿನ ಪಶ್ಚಿಮಕ್ಕೆ ಐದಾರು ಮೈಲಿಯಲ್ಲಿ ಬ್ಲ್ಯಾಕ್‌ಬರ್ನ್, ಪೂರ್ವಕ್ಕೆ ಅಷ್ಟೇ ದೂರದಲ್ಲಿ ಬರ್ನ್ಲಿ. ಮೂರೂ ಹತ್ತಿಯ ಊರುಗಳೇ. ಒಂದೇ ಮಳೆ, ಒಂದೇ ಕಾಲುವೆ, ಒಂದೇ ಮಾತಿನ ವರಸೆ. ಇಂಗ್ಲಿಷರು ಇಂಥ ನೆರೆಹೊರೆಯ ಪಂದ್ಯವನ್ನು 'ಡರ್ಬಿ' ಎನ್ನುತ್ತಾರೆ. ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ಮಾತಿದೆ: ದಾಯಾದಿತನ. ಹಗೆ ಹೊರಗಿನವನ ಮೇಲೆ ಹುಟ್ಟಬಹುದು, ಮತ್ಸರ ಹುಟ್ಟುವುದು ಪಾಲು ಹಂಚಿಕೊಂಡವನ ಮೇಲೆ. ಆದರೆ ಈ ದಾಯಾದಿತನದಲ್ಲಿ ಒಂದು ವಿಚಿತ್ರವುಂಟು. ಬ್ಲ್ಯಾಕ್‌ಬರ್ನಿಗೂ ಬರ್ನ್ಲಿಗೂ ಒಬ್ಬರನ್ನೊಬ್ಬರು ಕಂಡರಾಗದು. ನಡುವೆ ಕೂತ ಆಕ್ರಿಂಗ್‌ಟನ್ನಿನ ಮೇಲೆ ಮಾತ್ರ ಇಬ್ಬರಿಗೂ ಅಂಥ ಕೋಪವೇನೂ ಇರಲಿಲ್ಲ. ಬ್ಲ್ಯಾಕ್‌ಬರ್ನ್ 1884, 1885, 1886ರಲ್ಲಿ ಸತತ ಮೂರು ಸಲ ಎಫ್.ಎ. ಕಪ್ ಗೆದ್ದಿತ್ತು, ಬರ್ನ್ಲಿ 1914ರಲ್ಲಿ ಆ ಕಪ್ಪನ್ನೂ 1921ರಲ್ಲಿ ಲೀಗನ್ನೂ ಗೆದ್ದಿತ್ತು. ಸಮಾನನಲ್ಲದವನ ಮೇಲೆ ಯಾರು ಹಗೆ ಸಾಧಿಸುತ್ತಾರೆ? ಅಕ್ಕರೆಯಿಂದ ಬೆನ್ನು ತಟ್ಟಿಸಿಕೊಳ್ಳುವುದು ಚಿಕ್ಕವನಿಗೆ ಹಗೆಗಿಂತ ದೊಡ್ಡ ಅವಮಾನ ಎಂದು ನನ್ನ ಅನಿಸಿಕೆ. ಅದಕ್ಕಿಂತ ಹೆಚ್ಚಾಗಿ, ಅದು ಜೇಬಿಗೂ ಪೆಟ್ಟು. ಆರು ಪೆನ್ಸಿನ ಬಸ್ಸು ಹಿಡಿದರೆ ದೇಶದ ಉತ್ತಮ ಆಟ ನೋಡಲು ಸಿಕ್ಕುವಾಗ, ಊರಿನ ಮೂರನೆಯ ದರ್ಜೆಯ ಆಟಕ್ಕೆ ಚೀಟಿ ಕೊಳ್ಳುವವರು ಎಷ್ಟು ಮಂದಿ?

ಹಾಗಿದ್ದೂ 1950ರ ದಶಕದಲ್ಲಿ ಸ್ಟಾನ್ಲಿಗೆ ಒಂದು ಪುಟ್ಟ ಹೊನ್ನಿನ ಕಾಲ ಬಂತು. ವಾಲ್ಟರ್ ಗಾಲ್‌ಬ್ರೇತ್ ಎಂಬ ಸ್ಕಾಟ್ಲೆಂಡಿನ ವ್ಯವಸ್ಥಾಪಕ ತನ್ನ ನಾಡಿನಿಂದ ಅಗ್ಗದ ಬೆಲೆಗೆ ಜಾಣ ಆಟಗಾರರನ್ನು ಕರೆತಂದ. 1955ರಲ್ಲಿ ಹನ್ನೊಂದಕ್ಕೆ ಹನ್ನೊಂದೂ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರೇ ಆದ ತಂಡವನ್ನು ಕಣಕ್ಕಿಳಿಸಿದ. ಇಂಗ್ಲಿಷ್ ಲೀಗಿನಲ್ಲಿ ಅದೇ ಮೊದಲು. ಊರಿನವನೊಬ್ಬನೂ ಇಲ್ಲದ ಆ ತಂಡವನ್ನು ಊರು ತನ್ನದೆಂದೇ ಹೊತ್ತು ಮೆರೆಯಿತು. ಎರಡು ಸಲ, 1955 ಮತ್ತು 1958ರಲ್ಲಿ, ಉತ್ತರದ ಮೂರನೆಯ ವಿಭಾಗದಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಆದರೆ ಮೇಲಿನ ವಿಭಾಗಕ್ಕೆ ಬಡ್ತಿ ಮೊದಲ ಸ್ಥಾನದವರಿಗೆ ಮಾತ್ರ ಎಂಬುದು ಅಂದಿನ ನಿಯಮ. ಎರಡು ಬಾರಿ ಬಾಗಿಲವರೆಗೆ ಹೋಗಿ ಎರಡು ಬಾರಿಯೂ ಹಿಂದಕ್ಕೆ.

ಬಡವನಿಗೆ ಬಂದ ಭಾಗ್ಯ ಅವನ ಕೈಯಿಂದ ಮೊದಲು ಮಾಡಿಸುವುದು ಸಾಲವನ್ನು. 1958ರಲ್ಲಿ ಸಂಘದ ಹಿರಿಯರು ದಕ್ಷಿಣದ ಆಲ್ಡರ್‌ಷಾಟಿನಿಂದ ಒಂದು ಹಳೆಯ ಪ್ರೇಕ್ಷಕ ಮಂಟಪವನ್ನು ಕೊಂಡರು. ಸೈನಿಕರ ಕವಾಯತು ಪ್ರದರ್ಶನಕ್ಕಾಗಿ ಕಟ್ಟಿದ್ದ ಮಂಟಪವದು. ಬೆಲೆ 1,450 ಪೌಂಡು, ಸೋವಿ! ಆದರೆ ಅದನ್ನು ಬಿಚ್ಚಿ, ಇಂಗ್ಲೆಂಡಿನ ಉದ್ದಕ್ಕೂ ಸಾಗಿಸಿ, ಪೀಲ್ ಪಾರ್ಕಿನ ಮೈದಾನದಲ್ಲಿ ಮತ್ತೆ ನಿಲ್ಲಿಸುವಷ್ಟರಲ್ಲಿ ಅದರ ಎಷ್ಟೋ ಪಟ್ಟು ಹಣ ಕರಗಿತು. ಕುದುರೆಗಿಂತ ಲಾಯದ ಖರ್ಚೇ ಮಿಗಿಲಾಯಿತು. ಗಾಲ್‌ಬ್ರೇತ್ ಬೇರೆ ಕಡೆಗೆ ಹೋದ; ಆಟಗಾರರು ಮಾರಾಟವಾದರು; 1960ರಲ್ಲಿ ತಂಡ ನಾಲ್ಕನೆಯ ವಿಭಾಗಕ್ಕೆ ಇಳಿಯಿತು. ಅದೇ 1960ರಲ್ಲಿ ಬರ್ನ್ಲಿ ಇಡೀ ಇಂಗ್ಲೆಂಡಿನ ಚಾಂಪಿಯನ್ ಆಯಿತು, ಬ್ಲ್ಯಾಕ್‌ಬರ್ನ್ ಎಫ್.ಎ. ಕಪ್ಪಿನ ಅಂತಿಮ ಪಂದ್ಯ ಆಡಿತು. ಎರಡೂ ಕಡೆಯ ಮನೆಗಳಲ್ಲಿ ದೀಪೋತ್ಸವ, ನಡುಮನೆಯಲ್ಲಿ ಎಣ್ಣೆಯಿಲ್ಲ.

1962ರ ಮಾರ್ಚ್ ತಿಂಗಳಿನ ಸಂಗತಿಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸಂಘದ ಸಾಲ ಆಗ 60,000 ಪೌಂಡಿನ ಆಸುಪಾಸಿನಲ್ಲಿತ್ತು. ಇದಕ್ಕೆ ಎರಡು ವರ್ಷ ಮೊದಲು, ಮೂವತ್ತು ಮೈಲಿಯೊಳಗಿನ ಮ್ಯಾಂಚೆಸ್ಟರ್ ಸಿಟಿ ಡೆನಿಸ್ ಲಾ ಎಂಬ ಒಬ್ಬ ತರುಣ ಆಟಗಾರನಿಗಾಗಿಯೇ 55,000 ಪೌಂಡು ಕೊಟ್ಟಿತ್ತು. ಅಂದರೆ ಒಬ್ಬನ ಎರಡು ಕಾಲಿನ ಬೆಲೆಗೆ ಒಂದು ಊರಿನ ಸಂಘ ಮುಳುಗಬೇಕಾಗಿತ್ತು. ದಿಕ್ಕು ತೋಚದ ಸಂಘದವರು ನೆರವಿಗೆ ಕರೆದದ್ದು ಯಾರನ್ನು? ನೆರೆಯ ಬರ್ನ್ಲಿಯ ಅಧ್ಯಕ್ಷ ಬಾಬ್ ಲಾರ್ಡನನ್ನು. ಮಾಂಸದ ವ್ಯಾಪಾರದಿಂದ ಮೇಲೆ ಬಂದ, ಮಾತಿನಲ್ಲಿ ಮುಲಾಜಿಲ್ಲದ, ತನ್ನ ಚಿಕ್ಕ ಊರಿನ ತಂಡವನ್ನು ದೇಶಕ್ಕೇ ಮೊದಲು ಮಾಡಿದ ಸಮರ್ಥ ಆತ. ಲೆಕ್ಕಪತ್ರ ನೋಡಿ, ಇದು ಉಳಿಯುವ ಹಡಗಲ್ಲ ಎಂದ. ಮಾರ್ಚ್ 2ರಂದು ಕ್ರೂ ಎಂಬ ಊರಿನಲ್ಲಿ ಆಡಿದ ಪಂದ್ಯದಲ್ಲಿ ಸ್ಟಾನ್ಲಿ ನಾಲ್ಕು ಗೋಲುಗಳಿಂದ ಸೋತಿತು. ಮರುವಾರ ಸಂಘದವರು ಲೀಗಿನ ಕಚೇರಿಗೆ ರಾಜೀನಾಮೆಯ ಪತ್ರ ಬರೆದರು.

ಪತ್ರ ಅಂಚೆಗೆ ಬಿದ್ದ ಮೇಲೆ ಊರು ಎಚ್ಚೆತ್ತಿತು. ಹಣ ಹಾಕುತ್ತೇವೆಂದು ಕೆಲವರು ಮುಂದೆ ಬಂದರು. ಮೊದಲ ಪತ್ರವನ್ನು ಹಿಂದಕ್ಕೆ ಪಡೆಯುತ್ತೇವೆ ಎಂದು ಎರಡನೆಯ ಪತ್ರ ಹೋಯಿತು. ಲೀಗಿನ ಕಾರ್ಯದರ್ಶಿ ಆಲನ್ ಹಾರ್ಡೇಕರ್ ಮತ್ತು ಅವನ ಸಮಿತಿ ಒಪ್ಪಲಿಲ್ಲ. ಕೊಟ್ಟ ರಾಜೀನಾಮೆ ಕೊಟ್ಟದ್ದೇ. ನಿಯಮದ ದೃಷ್ಟಿಯಿಂದ ಅವರು ಮಾಡಿದ್ದು ಸರಿಯಿರಬಹುದು. ಆದರೆ ಎಪ್ಪತ್ತು ವರ್ಷದ ಬಾಳನ್ನು ಕೆಲವೇ ದಿನಗಳ ಅಂತರದ ಎರಡು ಲಕೋಟೆಗಳ ನಡುವೆ ತೂಗುವ ನಿಯಮ ಎಂಥ ನಿಯಮ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆ ವರ್ಷ ಸ್ಟಾನ್ಲಿ ಅದುವರೆಗೆ ಆಡಿದ್ದ 33 ಪಂದ್ಯಗಳ ಫಲಿತಾಂಶವನ್ನೂ ದಾಖಲೆಯಿಂದ ಅಳಿಸಿಬಿಟ್ಟರು. ಗೆದ್ದದ್ದೂ ಗೆದ್ದದ್ದಲ್ಲ, ಸೋತದ್ದೂ ಸೋತದ್ದಲ್ಲ. ತೆರವಾದ ಜಾಗವನ್ನು ಆಕ್ಸ್‌ಫರ್ಡ್ ಯುನೈಟೆಡ್‌ಗೆ ಕೊಟ್ಟರು. ಬಾಬ್ ಲಾರ್ಡ್ ಬೇಕೆಂದೇ ನೆರೆಯವರನ್ನು ಮುಳುಗಿಸಿದನೆಂಬ ಗುಮಾನಿ ಆಕ್ರಿಂಗ್‌ಟನ್ನಿನಲ್ಲಿ ಬಹುಕಾಲ ಉಳಿಯಿತು. ನನಗೆ ಅದು ನಿಜವೆನಿಸುವುದಿಲ್ಲ. ಆ ವರ್ಷ ಲೀಗಿನಲ್ಲೂ ಕಪ್ಪಿನಲ್ಲೂ ಎರಡನೆಯ ಸ್ಥಾನಕ್ಕೆ ಬಂದ ಬರ್ನ್ಲಿಗೆ ನಾಲ್ಕನೆಯ ವಿಭಾಗದ ತಳದ ಸಂಘವೊಂದನ್ನು ಮುಗಿಸಿ ಆಗಬೇಕಾದ್ದೇನೂ ಇರಲಿಲ್ಲ. ಆದರೆ ಸತ್ತ ಮನೆಗೆ ಕಾರಣ ಬೇಕು. ದಾಯಾದಿಗಿಂತ ಹತ್ತಿರದ ಕಾರಣ ಎಲ್ಲಿ ಸಿಕ್ಕೀತು?

ಬಾನುಲಿಯಲ್ಲಿ ಮಾತನಾಡುತ್ತಿರುವುದರಿಂದ ಬಾನುಲಿಯದೇ ಒಂದು ಮಾತನ್ನು ಹೇಳಬೇಕು. 1948ರಲ್ಲಿ ಶುರುವಾದ ಬಿ.ಬಿ.ಸಿ.ಯ ಕ್ರೀಡಾ ವರದಿಯಲ್ಲಿ ಶನಿವಾರದ ಸಂಜೆ ಐದರ ಸುಮಾರಿಗೆ ಅಂದಿನ ಎಲ್ಲ ಪಂದ್ಯಗಳ ಫಲಿತಾಂಶವನ್ನು ಸಾಲಾಗಿ ಓದುವ ಪದ್ಧತಿ ದಶಕಗಳ ಕಾಲ ನಡೆದು ಬಂತು. ಊರಿನ ಹೆಸರು, ಒಂದು ಅಂಕಿ. ಇನ್ನೊಂದು ಊರಿನ ಹೆಸರು, ಇನ್ನೊಂದು ಅಂಕಿ. ಬೇರೇನೂ ಇಲ್ಲ. ಓದುವವನ ದನಿಯ ಏರಿಳಿತದಿಂದಲೇ, ಅಂಕಿ ಬರುವ ಮುನ್ನವೇ, ಗೆದ್ದವರಾರು ಸೋತವರಾರು ಎಂದು ಕೇಳುವವರಿಗೆ ತಿಳಿದುಬಿಡುತ್ತಿತ್ತಂತೆ. ನಾಮಾವಳಿಯ ಪಾರಾಯಣ ನಮಗೆ ಹೊಸದಲ್ಲ. ವಾರಕ್ಕೊಮ್ಮೆ ದೇಶವೆಲ್ಲ ಕಿವಿಗೊಡುವ ಆ ಪಟ್ಟಿಯಲ್ಲಿ ತನ್ನೂರಿನ ಹೆಸರು ಬರುವುದು, ಸೋಲಿನ ಅಂಕಿಯೊಡನೆಯಾದರೂ ಬರುವುದು, ಒಂದು ಬಗೆಯ ಅಸ್ತಿತ್ವ. 1962ರ ಆ ಮಾರ್ಚಿನ ನಂತರ ಆಕ್ರಿಂಗ್‌ಟನ್ನಿನ ಹೆಸರು ಅದರಲ್ಲಿ ಬರಲಿಲ್ಲ. ಸಂಘ ಕೆಳಗಿನ ಸ್ಥಳೀಯ ಪಂದ್ಯಾವಳಿಯಲ್ಲಿ ಕೆಲವು ಕಾಲ ತೆವಳಿ 1966ರಲ್ಲಿ ಪೂರ್ತಿ ನಿಂತಿತು. ಗಿರಣಿಗಳೂ ಒಂದೊಂದಾಗಿ ಮುಚ್ಚುತ್ತಿದ್ದವು. ಆಕ್ರಿಂಗ್‌ಟನ್ನಿನ ಹೋವರ್ಡ್ ಅಂಡ್ ಬುಲೋ ಕಾರ್ಖಾನೆ ತಲೆಮಾರುಗಳ ಕಾಲ ನೂಲುವ ಯಂತ್ರಗಳನ್ನು ಮಾಡಿ ಜಗತ್ತಿಗೆಲ್ಲ ಮಾರಿತ್ತು. ಕೊಂಡವರು ನೂಲು ತೆಗೆಯುವುದನ್ನು ಕಲಿತ ಮೇಲೆ ಲ್ಯಾಂಕಾಷೈರಿನ ಬಟ್ಟೆ ಯಾರಿಗೆ ಬೇಕು?

1968ರಲ್ಲಿ ಊರಿನ ದುಡಿಯುವವರ ಕ್ಲಬ್ಬೊಂದರಲ್ಲಿ ಸಭೆ ಸೇರಿ ಹೊಸ ಸಂಘ ಕಟ್ಟಬೇಕೆಂದು ಗೊತ್ತುಮಾಡಿದರು. ಹೆಸರು ಮಾತ್ರ ಹಳೆಯದೇ. 1970ರಲ್ಲಿ ಬೇರೊಂದು ಮೈದಾನದಲ್ಲಿ, ತೀರ ಕೆಳಗಿನ ಮೆಟ್ಟಿಲಿನಿಂದ ಆಟ ಮತ್ತೆ ಶುರುವಾಯಿತು. ಮುಂದಿನ ಎರಡು ದಶಕ ಹೇಳಿಕೊಳ್ಳುವಂಥದೇನೂ ನಡೆಯಲಿಲ್ಲ. 1980ರ ದಶಕದ ಕೊನೆಯಲ್ಲಿ ದೂರದರ್ಶನದಲ್ಲಿ ಹಾಲಿನ ಜಾಹೀರಾತೊಂದು ಬಂತು. ಹಾಲು ಕುಡಿಯದಿದ್ದರೆ ಆಕ್ರಿಂಗ್‌ಟನ್ ಸ್ಟಾನ್ಲಿಗೆ ಆಡುವಷ್ಟೇ ಯೋಗ್ಯತೆ ಬಂದೀತೆಂದು ಪ್ರಸಿದ್ಧ ಆಟಗಾರ ಇಯಾನ್ ರಷ್ ತನಗೆ ಹೇಳಿದನೆಂದು ಒಬ್ಬ ಹುಡುಗ. ಅದು ಯಾವುದು ಎಂದು ಇನ್ನೊಬ್ಬ. ಕೇಳಿದ್ದೇ ಉತ್ತರ. ಆ ತಮಾಷೆಗೆ ಇಂಗ್ಲೆಂಡ್ ನಕ್ಕಿತು. ನಗೆಯಲ್ಲಾದರೂ ಹೆಸರು ಉಳಿಯಿತಲ್ಲ ಎಂದು ಊರು ಸಮಾಧಾನಪಟ್ಟುಕೊಂಡಿತೋ, ಹಲ್ಲು ಕಚ್ಚಿತೋ, ಬಹುಶಃ ಎರಡೂ.

1995ರಲ್ಲಿ ಎರಿಕ್ ವಾಲಿ ಸಂಘದ ಒಡೆತನ ವಹಿಸಿಕೊಂಡ ಮೇಲೆ ದಿಕ್ಕು ತಿರುಗಿತು. 1997ರಲ್ಲಿ ಬ್ರೆಟ್ ಆರ್ಮರಾಡ್ ಎಂಬ ಆಟಗಾರನನ್ನು ಬ್ಲ್ಯಾಕ್‌ಪೂಲಿಗೆ 50,000 ಪೌಂಡಿಗೆ ಮಾರುವಾಗ, ಅವನು ಮುಂದೆ ಮಾರಾಟವಾದರೆ ನಮಗೂ ಪಾಲು ಬೇಕೆಂದು ಕರಾರಿನಲ್ಲಿ ಒಂದು ಸಾಲು ಬರೆಸಿದರು. 2001ರಲ್ಲಿ ಅವನನ್ನು ಸೌತಾಂಪ್ಟನ್ 17.5 ಲಕ್ಷ ಪೌಂಡಿಗೆ ಕೊಂಡಿತು. 1962ರಲ್ಲಿ ಒಂದು ಪತ್ರದಿಂದ ಕೆಟ್ಟವರು ಈಗ ಒಂದು ಸಾಲಿನಿಂದ ಬದುಕಿದರು! 1999ರಲ್ಲಿ ವ್ಯವಸ್ಥಾಪಕನಾಗಿ ಬಂದ ಜಾನ್ ಕೋಲ್ಮನ್ ತಂಡವನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿದ. 2006ರಲ್ಲಿ ಆಕ್ರಿಂಗ್‌ಟನ್ ಸ್ಟಾನ್ಲಿ ಲೀಗಿಗೆ ಮರಳಿತು. ಆ ವರ್ಷ ಲೀಗಿನಿಂದ ಹೊರಬಿದ್ದ ಸಂಘಗಳಲ್ಲಿ ಒಂದು, 1962ರಲ್ಲಿ ಇವರ ಜಾಗಕ್ಕೆ ಬಂದಿದ್ದ ಆಕ್ಸ್‌ಫರ್ಡ್ ಯುನೈಟೆಡ್. ಕಾದಂಬರಿಯಲ್ಲಿ ಹೀಗೆ ಬರೆದಿದ್ದರೆ ಕೃತಕವೆಂದು ನಾನೇ ಅಂಕ ಕಳೆಯುತ್ತಿದ್ದೆ. ನಲವತ್ತನಾಲ್ಕು ವರ್ಷಗಳ ಬಳಿಕ ಶನಿವಾರದ ಪಟ್ಟಿಯಲ್ಲಿ ಆ ಹೆಸರು ಮತ್ತೆ ಕೇಳಿಸಿತು.

ದೊಡ್ಡಮನೆಗಳ ಕಥೆ ಏನಾಯಿತೆಂದು ಕೇಳುವಿರಿ. ಬರ್ನ್ಲಿ ಇಳಿಯುತ್ತ ಇಳಿಯುತ್ತ 1987ರಲ್ಲಿ ನಾಲ್ಕನೆಯ ವಿಭಾಗದ ತಳ ಮುಟ್ಟಿ, ಕೊನೆಯ ದಿನದ ಕೊನೆಯ ಪಂದ್ಯವನ್ನು ಗೆದ್ದದ್ದರಿಂದ ಮಾತ್ರ ಲೀಗಿನಲ್ಲಿ ಉಳಿಯಿತು. 1995ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಆದ ಬ್ಲ್ಯಾಕ್‌ಬರ್ನನ್ನು 2010ರಲ್ಲಿ ನಮ್ಮ ಪುಣೆಯ ಕೋಳಿ ಉದ್ಯಮದ ವೆಂಕೀಸ್ ಸಂಸ್ಥೆ ಕೊಂಡಿತು. ಮುಂದೆ ಆ ತಂಡ ಮೂರನೆಯ ವಿಭಾಗದವರೆಗೂ ಇಳಿಯಿತು. 2018ರಲ್ಲಿ ಸ್ಟಾನ್ಲಿ ನಾಲ್ಕನೆಯ ವಿಭಾಗವನ್ನು ಗೆದ್ದು ಮೂರಕ್ಕೆ ಏರಿದಾಗ, ಇನ್ನೇನು ದಾಯಾದಿಗಳು ಒಂದೇ ಪಂಕ್ತಿಯಲ್ಲಿ ಕೂತರೆನ್ನುವಷ್ಟರಲ್ಲಿ, ಬ್ಲ್ಯಾಕ್‌ಬರ್ನ್ ಅದೇ ವರ್ಷ ಎರಡಕ್ಕೆ ಏರಿಬಿಟ್ಟಿತು.

ಮರುಹುಟ್ಟಿನ ನಂತರವೂ ಸಾಲ ಬೆನ್ನು ಬಿಡಲಿಲ್ಲ. 2009ರಲ್ಲಿ 3,08,000 ಪೌಂಡಿನ ತೆರಿಗೆ ಬಾಕಿಗಾಗಿ ಸಂಘ ಮತ್ತೆ ಮುಚ್ಚುವ ಹಂತಕ್ಕೆ ಬಂದಾಗ ಊರಿನವರು ಡಬ್ಬಿ ಹಿಡಿದು ಹಣ ಕೂಡಿಸಿದರು. ಕೈಹಿಡಿದು ಉಳಿಸಿದವರಲ್ಲಿ ಮುಖ್ಯರು ಆ ಸೀಮೆಯಲ್ಲೇ ಬೆಳೆದ ಉದ್ಯಮಿ ಇಲ್ಯಾಸ್ ಖಾನ್. ಗಿರಣಿಗಳ ಕೊನೆಯ ದಿನಗಳಲ್ಲಿ, ಇಂಗ್ಲಿಷರು ಒಲ್ಲದ ರಾತ್ರಿಪಾಳಿಯನ್ನು ನಡೆಸಲು ಪಾಕಿಸ್ತಾನದಿಂದಲೂ ಗುಜರಾತಿನಿಂದಲೂ ಲ್ಯಾಂಕಾಷೈರಿಗೆ ಹೋಗಿ ನೆಲೆಸಿದ ಸಾವಿರಾರು ಕುಟುಂಬಗಳುಂಟು. ಒಂದು ಕಾಲಕ್ಕೆ ನಮ್ಮ ಕಡೆಯಿಂದ ಹತ್ತಿ ಹೋಯಿತು, ಆಮೇಲೆ ಮನುಷ್ಯರು ಹೋದರು.

2015ರಲ್ಲಿ ಒಡೆತನ ಆ ಸೀಮೆಯವರೇ ಆದ ಆಂಡಿ ಹೋಲ್ಟ್ ಅವರ ಕೈಗೆ ಬಂತು. ದೊಡ್ಡ ಸಂಘಗಳ ಹಣ ಮತ್ತು ಚಿಕ್ಕ ಸಂಘಗಳ ಗತಿಯ ಬಗ್ಗೆ ಲೀಗಿನವರೊಡನೆ ಅವರು ಬಹಿರಂಗವಾಗಿಯೇ ಜಗಳ ಕಾದರು. ಮೂರನೆಯ ವಿಭಾಗದಲ್ಲಿ ಸ್ಟಾನ್ಲಿ ಐದು ವರ್ಷ ನಿಂತು 2023ರಲ್ಲಿ ಇಳಿಯಿತು. ಆ ಐದು ವರ್ಷಗಳ ನಡುವೆ ನಡೆದ ಒಂದು ಸಂಗತಿಯನ್ನು ಹೇಳಿ ನಿಲ್ಲಿಸುತ್ತೇನೆ. ಆಕ್ರಿಂಗ್‌ಟನ್ನಿನ ದಕ್ಷಿಣಕ್ಕೆ ಬರಿ ಎಂಬ ಇನ್ನೊಂದು ಹತ್ತಿಯ ಊರಿದೆ. 1894ರಿಂದ ಅದರ ಸಂಘ ಲೀಗಿನಲ್ಲಿ ಆಡುತ್ತ ಬಂದಿತ್ತು. 1900 ಮತ್ತು 1903ರಲ್ಲಿ ಎಫ್.ಎ. ಕಪ್ಪನ್ನೂ ಗೆದ್ದಿತ್ತು. 2019ರಲ್ಲಿ ಅದು ಬಡ್ತಿ ಪಡೆದು ಮೂರನೆಯ ವಿಭಾಗಕ್ಕೆ ಬಂತು. ಆದರೆ ಸಾಲ ತೀರಿಸುವ ದಾರಿ ತೋರಿಸಲಾರದೆ, ಒಂದು ಪಂದ್ಯವನ್ನೂ ಆಡುವ ಮುನ್ನ, ಆಗಸ್ಟ್ 27ರಂದು ಲೀಗಿನಿಂದ ಉಚ್ಚಾಟನೆಗೊಂಡಿತು. ಆ ಜಾಗಕ್ಕೆ ಬೇರೆಯವರನ್ನು ತರಲಿಲ್ಲ. ಆ ವರ್ಷ ಮೂರನೆಯ ವಿಭಾಗದಲ್ಲಿ 24ರ ಬದಲು 23 ತಂಡಗಳು ಆಡಿದವು. ಆಕ್ರಿಂಗ್‌ಟನ್ ಸ್ಟಾನ್ಲಿಯ ಪಂದ್ಯಗಳ ಪಟ್ಟಿಯಲ್ಲಿ ಬರಿಯೊಡನೆ ಗೊತ್ತಾಗಿದ್ದ ಎರಡು ದಿನಗಳು ಹಾಗೆಯೇ ಖಾಲಿ ಉಳಿದವು.